ಕೋವಿಗೆ ಪರ್ಮಿಷನ್ ಇದೆ ಸರಿ, ಅಂಗಡಿಗೆ?

ಮೊದಲೇ ಒಂದು ಮಾತು. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಹತ್ತನೇ ಕ್ಲಾಸ್ ತನಕ ಸೆಕೆಂಡ್ ಲ್ಯಾಂಗ್ವೇಜ್ ಆಗಿತ್ತು, ಅಷ್ಟೆ. ಒತ್ತಕ್ಷರ ತಪ್ಪಿದ್ರೆ ನಮ್ಮ ಎಡಿಟರ್ ತಿದ್ದಿರ್ತಾರೆ. ವಿಚಾರ ತಪ್ಪಿದ್ರೆ ಅದು ನನ್ನದೇ ತಪ್ಪು, ಕ್ಯಾಂಟೀನ್‌ನಲ್ಲಿ ಸಿಕ್ಕಿದಾಗ ಬೈಯಿರಿ.

ಘಟನೆ ನಡೆದಿದ್ದು ಆಗಸ್ಟ್ ಕೊನೆಯ ಒಂದು ಶನಿವಾರ, ಎನ್.ಆರ್. ಕಾಲೋನಿಯಲ್ಲಿ. ನಮ್ಮ ಮನೆ ಅಲ್ಲೇ. ನನ್ನ ಕ್ಲಾಸ್‌ಮೇಟ್ ಒಬ್ಬ ಕೊಡಗಿನವನು, ಹಾಸ್ಟೆಲ್‌ನಲ್ಲಿ ಇರ್ತಾನೆ. ಅವನ ಅಪ್ಪ ಅಮ್ಮ ಊರಿಂದ ಕಾರಲ್ಲಿ ಬಂದಿದ್ರು. ಬಂದ ಕೆಲಸ ಎರಡು. ಒಂದು, ಅವನ ಅಕ್ಕನ ಮದುವೆಗೆ ಸೀರೆ ತಗೊಳ್ಳೋದು. ಇನ್ನೊಂದು, ಅಪ್ಪನ ಕೋವಿ ರಿಪೇರಿ. ಸೆಪ್ಟೆಂಬರ್ ಶುರುವಿನಲ್ಲಿ ಕೈಲ್ ಪೊಳ್ದ್ ಹಬ್ಬ, ಅವತ್ತು ಮನೆಯ ಕೋವಿಗಳನ್ನ ತೊಳೆದು ಒರೆಸಿ ಪೂಜೆ ಮಾಡ್ತಾರೆ. ಅಷ್ಟರೊಳಗೆ ಸರಿ ಆಗಬೇಕಿತ್ತು. ರಿಪೇರಿ ಅಂಗಡಿಯವರು ನಾಲ್ಕು ಗಂಟೆಗೆ ಬನ್ನಿ ಅಂದ್ರಂತೆ. ಅಷ್ಟೊತ್ತು ಏನು ಮಾಡೋದು ಅಂತ ಸೀರೆ ಕೆಲಸ ಮುಗಿಸೋಕೆ ನಮ್ಮ ಏರಿಯಾಗೆ ಬಂದ್ರು, ದಾರಿ ತೋರಿಸೋಕೆ ನಾನು ಸೇರ್ಕೊಂಡೆ.

ಕಾರು ರೋಡಲ್ಲಿ ನಿಲ್ಲಿಸಿದ್ವಿ. ಅಂಕಲ್ ಡಿಕ್ಕಿ ತೆಗೆದು ಒಂದು ಉದ್ದದ ಹಸಿರು ಕ್ಯಾನ್ವಾಸ್ ಚೀಲ ಹೆಗಲಿಗೆ ಹಾಕ್ಕೊಂಡ್ರು. ನಾನು ಕ್ರಿಕೆಟ್ ಕಿಟ್ ಅನ್ಕೊಂಡೆ. "ಕೋವಿ. ಕಾರಲ್ಲಿ ಬಿಟ್ಟು ಹೋಗೋಕಾಗಲ್ಲ. ಕಾರು ಕಳೆದ್ರೆ ಇನ್ಶೂರೆನ್ಸ್ ಇದೆ, ಇದು ಕಳೆದ್ರೆ ನನ್ನ ತಲೆ ಹೋಗುತ್ತೆ" ಅಂದ್ರು. ಮಾತು ಸರಿಯಾಗೇ ಇತ್ತು.

ಅಂಗಡಿ ಬಾಗಿಲಲ್ಲಿ ಒಂದು ಬೋರ್ಡ್ ಇತ್ತು. ಹೆಲ್ಮೆಟ್, ಹೊರಗಿನ ತಿಂಡಿ, ಸಾಕುಪ್ರಾಣಿ, ಆಯುಧ, ಎಲ್ಲದರ ಮೇಲೂ ಕೆಂಪು ಗೀಟು. ಪಕ್ಕದಲ್ಲಿ ಮೆಟಲ್ ಡಿಟೆಕ್ಟರ್ ಚೌಕಟ್ಟು. ಅದರ ಪಕ್ಕದಲ್ಲಿ ಸೆಕ್ಯುರಿಟಿ, ಅರವತ್ತರ ಹತ್ತಿರದ ವಯಸ್ಸು, ಬೆಲ್ಟು ಎರಡು ಸೈಜ್ ದೊಡ್ಡದು. ಆ ಚೌಕಟ್ಟು ಬೀಗದಕೈಗೂ ಕೂಗುತ್ತೆ, ಸ್ಟೀಲ್ ಟಿಫನ್ ಬಾಕ್ಸಿಗೂ ಕೂಗುತ್ತೆ, ಯಾರೂ ತಿರುಗಿ ನೋಡಲ್ಲ. ಅವತ್ತೂ ಕೂಗ್ತು. ಸೆಕ್ಯುರಿಟಿ ತಾತ ಅಭ್ಯಾಸದ ಪ್ರಕಾರ "ಹೋಗಿ ಹೋಗಿ" ಅಂತ ಕೈ ಮಾಡಿ, ಆಮೇಲೆ ಚೀಲ ನೋಡಿ "ಏನ್ ಸಾರ್ ಇದು?" ಅಂದ್ರು.

"ಕೋವಿ."

ತಾತ ಅರ್ಧ ಹೆಜ್ಜೆ ಹಿಂದೆ ಹೋದ್ರು. ಒಳಗೆ ಬಿಡಬೇಕಾ, ತಡೀಬೇಕಾ, ಪೊಲೀಸಿಗೆ ಫೋನ್ ಮಾಡಬೇಕಾ, ಒಂದೂ ಅವರಿಗೆ ಗೊತ್ತಿರಲಿಲ್ಲ. ಮುಖದಲ್ಲೇ ಕಾಣ್ತಿತ್ತು. ಕೊನೆಗೆ, "ಸಾರ್, ಬೋರ್ಡ್ ಇದೆ ಸಾರ್" ಅಂದ್ರು. ಆರ್ಡರ್ ತರ ಅಲ್ಲ, ಬೇಡ್ಕೊಳ್ಳೋ ತರ. ಅಂಕಲ್ ಒಂದು ಕ್ಷಣ ನಿಂತ್ರು. ಜೇಬಿಂದ ಪ್ಲಾಸ್ಟಿಕ್ ಕವರಲ್ಲಿದ್ದ ಸರ್ಟಿಫಿಕೇಟ್ ತೆಗೀತಿದ್ರು. ಅಷ್ಟರಲ್ಲಿ ಒಳಗಿಂದ ಮ್ಯಾನೇಜರ್ ಬಂದು, ಎಲ್ಲ ಕಸ್ಟಮರ್‌ಗಳ ಎದುರಿಗೆ "ಯಾರ್ರೀ ಇವರು, ಇಂಥವರನ್ನ ಯಾಕ್ರೀ ಬಾಗಿಲ ತನಕ ಬಿಡ್ತೀರಾ" ಅಂತ ಕೂಗಿದ್ರು.

ಅಂಕಲ್ ಏನೂ ಹೇಳಲಿಲ್ಲ. ಕವರನ್ನ ವಾಪಸ್ ಜೇಬಿಗಿಟ್ಟು, ಆಂಟಿಗೆ "ನೀವು ನೋಡ್ಕೊಂಡು ಬನ್ನಿ" ಅಂತ ಹೇಳಿ, ಕಾರಿಗೆ ಹೋಗಿ ಕೂತ್ರು. ಮುಕ್ಕಾಲು ಗಂಟೆ, ಗ್ಲಾಸ್ ಏರಿಸ್ಕೊಂಡು, ಕೋವಿ ಕಾಲ ಹತ್ತಿರ ಇಟ್ಕೊಂಡು. ನನ್ನ ಫ್ರೆಂಡ್ ಅವತ್ತಿಡೀ ಮಾತಾಡಲಿಲ್ಲ.

ಹಾಸ್ಟೆಲ್‌ನಲ್ಲಿ ಎರಡು ಪಾರ್ಟಿ

ಭಾನುವಾರ ರಾತ್ರಿ ಹಾಸ್ಟೆಲ್‌ನಲ್ಲಿ ಇದೇ ಚರ್ಚೆ. ಒಂದು ಪಾರ್ಟಿ: "ಸರ್ಕಾರವೇ ಪರ್ಮಿಷನ್ ಕೊಟ್ಟಿದೆ ಗುರು, ಅಂಗಡಿಯವನು ಯಾರು ತಡೆಯೋಕೆ?" ಇನ್ನೊಂದು ಪಾರ್ಟಿ: "ಬೋರ್ಡ್ ಹಾಕಿದ್ದಾರೆ ಅಂದ್ಮೇಲೆ ದಾಟಿದ ತಕ್ಷಣ ಕೇಸ್ ಆಗುತ್ತೆ, ಒಳಗೆ ಹಾಕ್ತಾರೆ." ಎರಡು ಗಂಟೆ ಕಿರುಚಾಡಿದ್ರು. ಯಾರೂ ಕಾನೂನು ಓದಿರಲಿಲ್ಲ, ನಾನೂ ಸೇರಿ.

ನಾನು ಮೆಕ್ಯಾನಿಕಲ್, ಲಾ ಸ್ಟೂಡೆಂಟ್ ಅಲ್ಲ. ಆದ್ರೆ ಆಕ್ಟ್‌ಗಳೆಲ್ಲ ನೆಟ್ಟಲ್ಲಿ ಫ್ರೀಯಾಗಿ ಸಿಗುತ್ತೆ. ಇಂಟರ್ನಲ್ಸ್‌ಗೆ ಓದಬೇಕಾದ ವಾರದಲ್ಲಿ ಇದನ್ನ ಓದಿದೆ. ಓದಿ ಮುಗಿಸಿದಾಗ ಗೊತ್ತಾಗಿದ್ದು: ಎರಡು ಪಾರ್ಟಿಯೂ ತಪ್ಪು. ಅದಕ್ಕಿಂತ ಬೇಜಾರಿನ ವಿಷಯ, ಆ ಬಾಗಿಲ ತಾತನಿಗೆ ಕಾನೂನು ಏನೂ ಹೇಳಿಕೊಟ್ಟಿಲ್ಲ.

ಮೊದಲನೇ ಪಾರ್ಟಿಗೆ ಉತ್ತರ. ನಮ್ಮ ದೇಶದಲ್ಲಿ ಬಂದೂಕಿಗೆ ಮುಖ್ಯ ಕಾನೂನು 1959ರ ಶಸ್ತ್ರಾಸ್ತ್ರ ಕಾಯ್ದೆ, ಅದರ ಕೆಳಗೆ 2016ರ ನಿಯಮಗಳು. ಲೈಸೆನ್ಸ್ ಇಲ್ಲದೆ ಇಟ್ಕೊಂಡ್ರೆ 2019ರ ತಿದ್ದುಪಡಿ ಆದಮೇಲೆ ಕಡಿಮೆ ಅಂದ್ರೂ ಎರಡು ವರ್ಷ, ಐದು ವರ್ಷದ ತನಕ ಜೈಲು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಮಾತ್ರ ಲೈಸೆನ್ಸಿನಿಂದ ವಿನಾಯಿತಿ ಇದೆ. ಇದು ಬ್ರಿಟಿಷರ ಕಾಲದ್ದು, 1861ರಿಂದ ಬಂದಿದ್ದು. ಈಗ ಕಾಯ್ದೆಯ 41ನೇ ಸೆಕ್ಷನ್ ಕೆಳಗೆ ಕೇಂದ್ರ ಸರ್ಕಾರ ಕೊಡುತ್ತೆ. 2019ರ ಅಕ್ಟೋಬರ್‌ನಲ್ಲಿ ಅದನ್ನ 2029ರ ತನಕ ಮುಂದುವರಿಸಿದ್ರು. ಒಂದು ಜನಾಂಗಕ್ಕೆ ಮಾತ್ರ ಯಾಕೆ ಅಂತ ಕೋರ್ಟಿಗೆ ಹೋಗಿದ್ರು, 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿ ಸರಿ ಅಂತ ಹೇಳ್ತು. ಕೊಡಗಿನ ಹೊರಗೆ ಪ್ರಯಾಣ ಮಾಡುವಾಗ ಎಷ್ಟು ಕೋವಿ, ಎಷ್ಟು ತೋಟಾ ಅನ್ನೋದಕ್ಕೂ ಲೆಕ್ಕ ಇದೆ. ಅಂದ್ರೆ ಅಂಕಲ್ ಬೆಂಗಳೂರಿಗೆ ಕೋವಿ ತಂದಿದ್ದರಲ್ಲಿ ಏನೂ ತಪ್ಪಿಲ್ಲ.

ಆದ್ರೆ ಈ ವಿನಾಯಿತಿ ಯಾವುದರಿಂದ? ಲೈಸೆನ್ಸ್ ತಗೊಳ್ಳೋದರಿಂದ. ಬೇರೆಯವರ ಮನೆ, ಬೇರೆಯವರ ಅಂಗಡಿ ಹೇಳೋ ಮಾತಿಂದ ಅಲ್ಲ. ನನ್ನ ಹತ್ತಿರ ಡ್ರೈವಿಂಗ್ ಲೈಸೆನ್ಸ್ ಇದೆ ಅಂತ ನಿಮ್ಮ ಮನೆ ಕಾಂಪೌಂಡಲ್ಲಿ ಸ್ಕೂಟರ್ ಓಡಿಸೋಕಾಗುತ್ತಾ? ಸರ್ಕಾರದ ಪರ್ಮಿಷನ್ ಸರ್ಕಾರದ ಕಡೆಯಿಂದ. ಹೊಸಲು ಯಾರದ್ದೋ, ಅವರ ಪರ್ಮಿಷನ್ ಬೇರೆ.

ಅಂಗಡಿಯವರು ಯಾರನ್ನ ಬೇಕಾದ್ರೂ ಹೊರಗೆ ನಿಲ್ಲಿಸಬಹುದಾ? ಇಲ್ಲ. ಸಂವಿಧಾನದ 15ನೇ ವಿಧಿಯಲ್ಲಿ ಎರಡನೇ ಭಾಗ ಇದೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಜಾಗ, ಇವುಗಳ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲ್‌ಗಳಿಂದ ತಡೆಯೋ ಹಾಗಿಲ್ಲ. ಆ ಪಟ್ಟಿಯಲ್ಲಿ ಬಂದೂಕು ಇಲ್ಲ. ಮನುಷ್ಯನನ್ನ ನೋಡಿ ಬಾಗಿಲು ಹಾಕಂಗಿಲ್ಲ, ಕೋವಿ ನೋಡಿ ಹಾಕಬಹುದು. ಆ ಮ್ಯಾನೇಜರ್ ಎಡವಿದ್ದು ಇಲ್ಲೇ. "ಸಾರ್, ಇದು ಒಳಗೆ ಬರಂಗಿಲ್ಲ" ಅಂದಿದ್ರೆ ಅದು ಅವರ ಹಕ್ಕು. "ಇಂಥವರನ್ನ" ಅಂದ್ರಲ್ಲ, ಅದು ಹಕ್ಕಲ್ಲ. ನನ್ನ ಫ್ರೆಂಡಿಗೆ ನೋವಾಗಿದ್ದು ಕೋವಿ ತಡೆದಿದ್ದಕ್ಕಲ್ಲ, ಅಪ್ಪನನ್ನ ಟೆರರಿಸ್ಟ್ ತರ ನೋಡಿದ್ದಕ್ಕೆ.

ಬೋರ್ಡ್ ದಾಟಿದ್ರೆ ಏನಾಗುತ್ತೆ?

ಈಗ ಎರಡನೇ ಪಾರ್ಟಿ. ಬೋರ್ಡ್ ದಾಟಿದ ತಕ್ಷಣ ಕೇಸ್ ಆಗುತ್ತಾ?

ಕೆಲವು ಜಾಗಗಳಲ್ಲಿ ಬೋರ್ಡೇ ಬೇಡ, ಲೈಸೆನ್ಸಿನಲ್ಲೇ ಬರೆದಿರುತ್ತೆ. ಲೈಸೆನ್ಸ್ ಪತ್ರದ ಷರತ್ತು ಓದಿ: ಅಧಿಕಾರಿಯ ವಿಶೇಷ ಅನುಮತಿ ಇಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಸಾರ್ವಜನಿಕ ಸಭೆಗೆ, ಶಿಕ್ಷಣ ಸಂಸ್ಥೆಯ ಆವರಣಕ್ಕೆ ಆಯುಧ ಒಯ್ಯುವಂತಿಲ್ಲ. ಅಂದ್ರೆ ನಮ್ಮ ಮನೆಯಿಂದ ನಡೆದು ಹೋಗೋ ದೂರದಲ್ಲಿರೋ ಕಡಲೆಕಾಯಿ ಪರಿಷೆಗೆ ಲೈಸೆನ್ಸ್ ಇರೋ ವ್ಯಕ್ತಿ ಸೊಂಟದಲ್ಲಿ ಪಿಸ್ತೂಲ್ ಇಟ್ಕೊಂಡು ಬಂದ್ರೆ ಅದು ಷರತ್ತಿನ ಉಲ್ಲಂಘನೆ. ನಮ್ಮ ಕಾಲೇಜ್ ಗೇಟೊಳಗೆ ಬಂದ್ರೂ ಅಷ್ಟೆ. ಷರತ್ತು ಮುರಿದ್ರೆ 30ನೇ ಸೆಕ್ಷನ್: ಆರು ತಿಂಗಳ ತನಕ ಜೈಲು, ಅಥವಾ 2,000 ರೂಪಾಯಿ ತನಕ ದಂಡ, ಅಥವಾ ಎರಡೂ. ಜೊತೆಗೆ 17ನೇ ಸೆಕ್ಷನ್ ಪ್ರಕಾರ ಲೈಸೆನ್ಸೇ ರದ್ದಾಗಬಹುದು. ಬಂದೂಕು ಇಟ್ಕೊಂಡವರಿಗೆ 2,000 ರೂಪಾಯಿ ಏನೂ ಅಲ್ಲ, ಲೈಸೆನ್ಸ್ ಹೋಗೋದೇ ನಿಜವಾದ ಶಿಕ್ಷೆ.

ಸಾರ್ವಜನಿಕ ಜಾಗದಲ್ಲಿ ಹೇಗೆ ಒಯ್ಯಬೇಕು ಅಂತಲೂ 2016ರ ನಿಯಮ ಹೇಳುತ್ತೆ. ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹಿಡಿತದಲ್ಲಿರಬೇಕು, ಝಳಪಿಸೋ ಹಾಗಿಲ್ಲ. ಮದುವೆ ಮನೆಯಲ್ಲಿ ಖುಷಿಗೆ ಗಾಳಿಯಲ್ಲಿ ಗುಂಡು ಹಾರಿಸೋದಕ್ಕೆ 2019ರ ತಿದ್ದುಪಡಿ ಪ್ರತ್ಯೇಕ ಶಿಕ್ಷೆ ತಂತು: ಎರಡು ವರ್ಷದ ತನಕ ಜೈಲು, ಅಥವಾ ಒಂದು ಲಕ್ಷದ ತನಕ ದಂಡ, ಅಥವಾ ಎರಡೂ.

ಆದ್ರೆ ಸೀರೆ ಅಂಗಡಿ? ಅದು ಜಾತ್ರೆ ಅಲ್ಲ, ಸಭೆ ಅಲ್ಲ, ಕಾಲೇಜ್ ಅಲ್ಲ. ಅಂಗಡಿಯವರು ತಾವೇ ಪ್ರಿಂಟ್ ಹಾಕಿಸಿದ ಬೋರ್ಡನ್ನ ದಾಟಿದ್ರೆ ಇಷ್ಟು ದಂಡ ಅಂತ ಹೇಳೋ ಸೆಕ್ಷನ್ ನನಗೆ ಕಾಯ್ದೆಯಲ್ಲಿ ಸಿಗಲಿಲ್ಲ. ಉಳಿಯೋದು ಅತಿಕ್ರಮ ಪ್ರವೇಶ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆಯಲ್ಲ, ಅದರ 329ನೇ ಸೆಕ್ಷನ್. ಸಾಮಾನ್ಯ ಅತಿಕ್ರಮಕ್ಕೆ ಮೂರು ತಿಂಗಳ ತನಕ, ಕಟ್ಟಡದೊಳಗಿನ ಅತಿಕ್ರಮಕ್ಕೆ ಒಂದು ವರ್ಷದ ತನಕ ಜೈಲು, ಅಥವಾ 5,000 ರೂಪಾಯಿ ತನಕ ದಂಡ, ಅಥವಾ ಎರಡೂ. ಆದ್ರೆ ಇಲ್ಲೊಂದು ಷರತ್ತಿದೆ, ಇಡೀ ಲೇಖನದ ಕೀಲಿ ಇದೇ. ಸುಮ್ಮನೆ ಒಳಗೆ ಹೋದ್ರೆ ಸಾಲದು. ಅಪರಾಧ ಮಾಡೋ ಉದ್ದೇಶ, ಅಥವಾ ಅಲ್ಲಿರೋರನ್ನ ಹೆದರಿಸೋ, ಅವಮಾನಿಸೋ, ಕಿರಿಕಿರಿ ಮಾಡೋ ಉದ್ದೇಶ ಇತ್ತು ಅಂತ ಸಾಬೀತಾಗಬೇಕು. ಸೀರೆ ನೋಡೋಕೆ ಬಂದ ಅಂಕಲ್‌ಗೆ ಯಾವ ಉದ್ದೇಶ? ಸರಿಯಾಗೇ ಒಳಗೆ ಬಂದವರೂ, "ಹೊರಗೆ ಹೋಗಿ" ಅಂದಮೇಲೆ ಹೆದರಿಸೋಕೆ ಅಂತಲೇ ನಿಂತ್ರೆ ಆಗ ಅತಿಕ್ರಮ.

ಅಂದ್ರೆ ಬೋರ್ಡ್ ದಾಟಿದ ಮಾತ್ರಕ್ಕೆ ಹೆಚ್ಚುಕಮ್ಮಿ ಏನೂ ಆಗಲ್ಲ. ಒಬ್ಬ ಮನುಷ್ಯ ಬಾಯಿ ಬಿಟ್ಟು "ಬೇಡ" ಅಂದಮೇಲೆ ಕಾನೂನು ಕಣ್ಣು ತೆಗೆಯುತ್ತೆ, ಆಗಲೂ ಉದ್ದೇಶ ಪ್ರೂವ್ ಮಾಡಬೇಕು.

ಆ "ಬೇಡ" ಹೇಳಬೇಕಾದವರು ಯಾರು? ಎರಡು ಸೈಜ್ ದೊಡ್ಡ ಬೆಲ್ಟಿನ ತಾತ.

ತಾತನ ಕೈಲಿ ಏನಿದೆ?

ಶಸ್ತ್ರಾಸ್ತ್ರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ತೋರಿಸಿ ಅಂತ ಕೇಳೋ ಅಧಿಕಾರ ಪೊಲೀಸರಿಗಿದೆ, ಸರ್ಕಾರ ಅಧಿಕಾರ ಕೊಟ್ಟ ಬೇರೆ ಅಧಿಕಾರಿಗಳಿಗಿದೆ. 20ನೇ ಸೆಕ್ಷನ್‌ನಲ್ಲಿ, ಅನುಮಾನ ಬರೋ ರೀತಿಯಲ್ಲಿ ಆಯುಧ ಒಯ್ಯುವವರನ್ನ ವಾರಂಟ್ ಇಲ್ಲದೆ ಹಿಡಿಯೋ ಅಧಿಕಾರ ಇದೆ. ಯಾರಿಗೆ? ಮ್ಯಾಜಿಸ್ಟ್ರೇಟ್, ಪೊಲೀಸ್, ಸರ್ಕಾರಿ ನೌಕರರು, ಆಮೇಲೆ ರೈಲು, ವಿಮಾನ, ಹಡಗು, ವಾಹನಗಳಲ್ಲಿ ಕೆಲಸ ಮಾಡೋರು. ಬಸ್ ಕಂಡಕ್ಟರ್‌ಗೂ ಸಿಕ್ಕಿದ ಅಧಿಕಾರ ಅಂಗಡಿ ಬಾಗಿಲ ತಾತನಿಗಿಲ್ಲ. 1959ರಲ್ಲಿ ಮಾಲ್ ಇರಲಿಲ್ಲ, ಮೆಟಲ್ ಡಿಟೆಕ್ಟರ್ ಇಟ್ಟ ಬಟ್ಟೆ ಅಂಗಡಿ ಇರಲಿಲ್ಲ. ಈಗ ಇದೆ. ನ್ಯಾಷನಲ್ ಕಾಲೇಜ್ ಮೆಟ್ರೋ ಸ್ಟೇಷನ್‌ನಲ್ಲಿ ನಾವು ಬ್ಯಾಗ್ ಸ್ಕ್ಯಾನರ್‌ಗೆ ಹಾಕಿದಾಗ ಆ ಸಿಬ್ಬಂದಿಯ ಹಿಂದೆ ಮೆಟ್ರೋಗೆ ಅಂತಲೇ ಮಾಡಿದ ಕಾನೂನಿದೆ. ರಸ್ತೆ ದಾಟಿ ಅಂಗಡಿಗೆ ಹೋದ್ರೆ ಅದೇ ಯೂನಿಫಾರ್ಮ್, ಅದೇ ಚೌಕಟ್ಟು. ಹಿಂದೆ ಮಾತ್ರ ಏನೂ ಇಲ್ಲ.

ಆಯುಧ ಇರೋರಿಗೆ "ಬೇಡ" ಅನ್ನೋದು ಚಿಕ್ಕ ಕೆಲಸ ಅಲ್ಲ. 1999ರ ಏಪ್ರಿಲ್‌ನಲ್ಲಿ ದೆಹಲಿಯ ಒಂದು ರೆಸ್ಟೋರೆಂಟಿನಲ್ಲಿ ಜೆಸಿಕಾ ಲಾಲ್ ಹೇಳಿದ್ದು ಅಷ್ಟೇ. ರಾತ್ರಿ ಬಾರ್ ಮುಚ್ಚಿದೆ, ಡ್ರಿಂಕ್ ಇಲ್ಲ ಅಂತ. ಕೇಳಿದವನ ಹತ್ತಿರ .22 ಪಿಸ್ತೂಲ್ ಇತ್ತು. 2006ರಲ್ಲಿ ಕೆಳಗಿನ ಕೋರ್ಟ್ ಬಿಟ್ಟುಬಿಡ್ತು, ಅದೇ ವರ್ಷ ಹೈಕೋರ್ಟ್ ಜೀವಾವಧಿ ಕೊಡ್ತು, 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡೀತು. ಶಿಕ್ಷೆ ಆಯ್ತು, ಸರಿ. ಆದ್ರೆ ಆಮೇಲೆ. ನನ್ನ ಪ್ರಶ್ನೆ ಅದಕ್ಕಿಂತ ಮುಂಚಿನ ಐದು ನಿಮಿಷದ ಬಗ್ಗೆ. ಜನ ಕುಡಿಯೋ ಜಾಗಕ್ಕೆ ಪಿಸ್ತೂಲ್ ಒಳಗೆ ಬಂದಾಗಲೇ ಯಾರಿಗಾದ್ರೂ "ಇಲ್ಲ" ಅನ್ನೋ ಬಲ ಇರಬೇಕಿತ್ತಲ್ವಾ?

ಪ್ಲೇನೋದ ಅತ್ತೆ ಕಳಿಸಿದ ಫೋಟೋ

ಇದೆಲ್ಲ ಓದ್ತಾ ಇದ್ದಾಗ ಅಮೆರಿಕದಲ್ಲಿ ಹೇಗೆ ಅಂತ ನಮ್ಮ ಅತ್ತೆಗೆ ಮೆಸೇಜ್ ಮಾಡಿದೆ. ಅವರಿರೋದು ಟೆಕ್ಸಸ್‌ನ ಪ್ಲೇನೋದಲ್ಲಿ. ಅಲ್ಲಿ 21 ವರ್ಷ ದಾಟಿದ ಹೆಚ್ಚಿನವರು 2021ರ ಸೆಪ್ಟೆಂಬರ್‌ನಿಂದ ಪರ್ಮಿಟ್ ಕೂಡ ಇಲ್ಲದೆ ಪಿಸ್ತೂಲ್ ಒಯ್ಯಬಹುದು. ನಮಗೂ ಅವರಿಗೂ ಹೋಲಿಕೆಯೇ ಇಲ್ಲ ಅನ್ಸುತ್ತೆ. ಅತ್ತೆ ಒಂದು ಅಂಗಡಿ ಬಾಗಿಲ ಫೋಟೋ ಕಳಿಸಿದ್ರು. ಗಾಜಿನ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಪ್ಯಾರಾ, ಇಂಗ್ಲಿಷ್‌ನಲ್ಲಿ ಒಂದು, ಸ್ಪ್ಯಾನಿಷ್‌ನಲ್ಲಿ ಒಂದು. ಕೆಂಪು ಗೀಟಿನ ಚಿತ್ರ ಅಲ್ಲ.

ಬಂದೂಕು ಅಷ್ಟು ಸಲೀಸಾದ ಊರಲ್ಲೇ ಬೋರ್ಡಿಗೆ ನಮ್ಮಲ್ಲಿಗಿಂತ ಜಾಸ್ತಿ ಬೆಲೆ. ಲೈಸೆನ್ಸ್ ಇರೋರಿಗೆ ಆ ಬೋರ್ಡಿನಲ್ಲಿ ಯಾವ ವಾಕ್ಯ ಇರಬೇಕು ಅಂತ ಟೆಕ್ಸಸ್ ದಂಡ ಸಂಹಿತೆಯ 30.06 ಮತ್ತು 30.07ನೇ ಸೆಕ್ಷನ್‌ಗಳೇ ಹೇಳುತ್ತೆ. ಎರಡು ಭಾಷೆ, ಕನಿಷ್ಠ ಒಂದು ಇಂಚು ಎತ್ತರದ ಅಕ್ಷರ, ಎದ್ದು ಕಾಣೋ ಬಣ್ಣ, ಎಲ್ಲರಿಗೂ ಕಾಣೋ ಜಾಗ. ಅಂಥ ಬೋರ್ಡ್ ಇದ್ದೂ ಪಿಸ್ತೂಲ್ ಜೊತೆ ಒಳಗೆ ಹೋದ್ರೆ ಚಿಕ್ಕ ಅಪರಾಧ, 200 ಡಾಲರ್ ತನಕ ದಂಡ. ಬಾಯಲ್ಲಿ ಹೇಳಿದಮೇಲೂ ಹೋಗದಿದ್ರೆ ಅಪರಾಧದ ದರ್ಜೆ ಏರುತ್ತೆ: ಒಂದು ವರ್ಷದ ತನಕ ಜೈಲು, 4,000 ಡಾಲರ್ ತನಕ ದಂಡ. ಎಲ್ಲ ರಾಜ್ಯದಲ್ಲೂ ಹೀಗಿಲ್ಲ. ಕೆಲವು ಕಡೆ ಬೋರ್ಡಿಗೆ ಅದರಷ್ಟಕ್ಕೇ ಬಲ ಇಲ್ಲ, ಹೋಗಿ ಅಂದಮೇಲೂ ನಿಂತ್ರೆ ಮಾತ್ರ ಕೇಸ್.

ಅಲ್ಲಿ ಎಲ್ಲ ಚೆನ್ನಾಗಿದೆ ಅಂತ ನಾನು ಹೇಳ್ತಿಲ್ಲ. ಅದೇ ಟೆಕ್ಸಸ್‌ನ ಎಲ್ ಪಾಸೋದಲ್ಲಿ 2019ರ ಆಗಸ್ಟ್ 3ರಂದು ಒಂದು ವಾಲ್‌ಮಾರ್ಟ್‌ನಲ್ಲಿ ಗುಂಡು ಹಾರಿ 23 ಜನ ಸತ್ರು. ಐದು ದಿನ ಆದಮೇಲೆ ಮಿಸ್ಸೌರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಇಪ್ಪತ್ತು ವರ್ಷದ ಹುಡುಗ, ಹೆಚ್ಚುಕಮ್ಮಿ ನಮ್ಮ ವಯಸ್ಸು, ಬುಲೆಟ್ ಪ್ರೂಫ್ ಜಾಕೆಟ್ ಹಾಕ್ಕೊಂಡು ರೈಫಲ್ ಹಿಡ್ಕೊಂಡು ಇನ್ನೊಂದು ವಾಲ್‌ಮಾರ್ಟ್ ಒಳಗೆ ಹೋದ. ನನ್ನ ಹಕ್ಕನ್ನ ಗೌರವಿಸ್ತಾರಾ ಅಂತ ಟೆಸ್ಟ್ ಮಾಡ್ತಿದ್ದೆ ಅಂತ ಪೊಲೀಸರಿಗೆ ಹೇಳಿದ. ಒಂದು ಗುಂಡೂ ಹಾರಿಸಲಿಲ್ಲ, ಆದ್ರೂ ಜನರಲ್ಲಿ ಭಯ ಹುಟ್ಟಿಸಿದ ಅಂತ ಕೇಸ್ ಆಯ್ತು. ಮುಂದಿನ ತಿಂಗಳು ವಾಲ್‌ಮಾರ್ಟ್, ಬಂದೂಕನ್ನ ಎಲ್ಲರಿಗೂ ಕಾಣೋ ಹಾಗೆ ಅಂಗಡಿಯೊಳಗೆ ತರಬೇಡಿ ಅಂತ ಗಿರಾಕಿಗಳನ್ನ ಕೇಳಿಕೊಳ್ತು.

ಟೆಕ್ಸಸ್‌ನ ಆ ಎರಡು ಮೆಟ್ಟಿಲು ನನಗೆ ಇಷ್ಟ ಆಯ್ತು. ತಪ್ಪಿ ಬಂದವನಿಗೆ ಚಿಕ್ಕ ದಂಡ, ಹೇಳಿದಮೇಲೂ ಹೋಗದವನಿಗೆ ದೊಡ್ಡದು. ಬೋರ್ಡ್ ಓದದೆ ಬಂದವನೂ ಬೋರ್ಡ್ ಲೆಕ್ಕಕ್ಕಿಲ್ಲ ಅನ್ನೋನೂ ಒಂದೇ ಅಲ್ಲ ಅಂತ ಕಾನೂನಿಗೇ ಗೊತ್ತಿದೆ.

ಹಾಗಾದ್ರೆ ಏನು ಮಾಡಬೇಕು?

ನನ್ನ ಅಭಿಪ್ರಾಯ ಇಷ್ಟು. ಆಯುಧ, ಬಂದೂಕು ಇದೆಲ್ಲ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿದೆ, ಹಾಗಾಗಿ ಬದಲಾವಣೆ ದೆಹಲಿಯಿಂದಲೇ ಬರಬೇಕು. ದೊಡ್ಡ ಕಾನೂನು ಬೇಡ, 2016ರ ನಿಯಮಕ್ಕೂ ಲೈಸೆನ್ಸ್ ಷರತ್ತಿಗೂ ಮೂರು ವಿಷಯ ಸೇರಿಸಿದ್ರೆ ಸಾಕು.

ಒಂದು, ಒಂದೇ ತರದ ಬೋರ್ಡ್. ಕನ್ನಡದಲ್ಲಿ, ಇಂಗ್ಲಿಷ್‌ನಲ್ಲಿ, ನಿಗದಿ ಮಾಡಿದ ಅಳತೆಯಲ್ಲಿ. ಹೆಲ್ಮೆಟ್ಟು, ಪಾಪ್‌ಕಾರ್ನು, ನಾಯಿ, ಬಂದೂಕು ಎಲ್ಲ ಒಂದೇ ಸಾಲಲ್ಲಿ ಇದ್ರೆ ಯಾರು ಸೀರಿಯಸ್ ಆಗಿ ತಗೋತಾರೆ?

ಎರಡು, ಎರಡು ಮೆಟ್ಟಿಲಿನ ಶಿಕ್ಷೆ. ಅಂಥ ಬೋರ್ಡ್ ಇರೋ ಕಡೆ ಆಯುಧ ತಂದ್ರೆ ವಾಪಸ್ ಕಳಿಸೋದು, ಜೊತೆಗೆ ಚಿಕ್ಕ ದಂಡ. "ಹೋಗಿ" ಅಂದಮೇಲೂ ನಿಂತ್ರೆ ಉದ್ದೇಶ ಗಿದ್ದೇಶ ಹುಡುಕದೆ ನೇರ ಅಪರಾಧ, ಲೈಸೆನ್ಸಿಗೂ ವಿನಾಯಿತಿ ಸರ್ಟಿಫಿಕೇಟಿಗೂ ಪೆಟ್ಟು. ಆಗ ತಾತ "ಬೋರ್ಡ್ ಇದೆ ಸಾರ್" ಅಂದ್ರೆ ಅದು ಬೇಡಿಕೆ ಆಗಲ್ಲ.

ಮೂರು, ಇಡೋ ಜಾಗ. ಇದು ಅಂಕಲ್ ಕಡೆಯ ನ್ಯಾಯ. ಒಳಗೆ ತರಬೇಡಿ ಅಂತೀರಿ, ಕಾರಲ್ಲಿ ಬಿಡೋಕಾಗಲ್ಲ, ಹೆಗಲ ಮೇಲೆ ಇಟ್ಕೊಂಡು ರೋಡಲ್ಲಿ ನಿಂತ್ರೆ ಜನ ಹೆದರ್ತಾರೆ. ಕಾನೂನು ಪಾಲಿಸೋ ಮನುಷ್ಯ ಏನು ಮಾಡಬೇಕು? ಎಲೆಕ್ಷನ್ ಬಂದಾಗ ಸ್ಟೇಷನ್‌ಗಳಲ್ಲಿ ಲೈಸೆನ್ಸ್ ಬಂದೂಕು ಜಮಾ ಮಾಡಿಸ್ಕೊಂಡು ರಸೀದಿ ಕೊಡ್ತಾರೆ. ಅದೇ ವ್ಯವಸ್ಥೆಯನ್ನ ಪ್ರಯಾಣದಲ್ಲಿರೋರಿಗೆ ನಾಲ್ಕು ಗಂಟೆ ಮಟ್ಟಿಗೆ ಕೊಡೋಕೆ ಏನು ಕಷ್ಟ?

ಇದಕ್ಕೆ ಹಾಸ್ಟೆಲ್‌ನಲ್ಲಿ ಬಂದ ಆಕ್ಷೇಪ ಎರಡು. "ಕ್ರಿಮಿನಲ್ ಬೋರ್ಡ್ ಓದ್ತಾನಾ?" ಓದಲ್ಲ. ಅವನಿಗೆ ಬೇರೆ ಸೆಕ್ಷನ್‌ಗಳಿವೆ. ಬೋರ್ಡ್ ಇರೋದು ಕಾನೂನು ಪಾಲಿಸೋರಿಗೆ, ಎಲ್ಲಿ ನಿಲ್ಲಬೇಕು ಅಂತ ತಿಳಿಸೋಕೆ. ಎರಡನೇದು, "ಬೆಂಗಳೂರಲ್ಲಿ ಯಾರು ಗುರು ಬಂದೂಕು ಹಿಡ್ಕೊಂಡು ಶಾಪಿಂಗ್ ಮಾಡೋದು?" ಗನ್‌ಮ್ಯಾನ್ ಇಟ್ಕೊಂಡು ಊಟಕ್ಕೆ ಬರೋ ದೊಡ್ಡವರನ್ನ ನೀವು ನೋಡಿಲ್ವಾ? ಅಲ್ಲಿ ಸೆಕ್ಯುರಿಟಿಯವರು ಏನು ಮಾಡ್ತಾರೆ? ಬಾಗಿಲು ತೆಗೆದು ಸಲ್ಯೂಟ್ ಹೊಡೀತಾರೆ. ಬೋರ್ಡ್ ಅಲ್ಲೇ ಇರುತ್ತೆ. ಕೊಡಗಿಂದ ಬಂದ ಕಾಫಿ ತೋಟದ ಅಂಕಲ್‌ಗೆ ಮಾತ್ರ ಬೋರ್ಡ್ ಕಾಣಿಸುತ್ತೆ. ನಿಯಮ ಬರೆದಿಲ್ಲ ಅಂದ್ರೆ ಹೀಗೇ ಆಗೋದು, ಎದುರಿಗೆ ಯಾರಿದ್ದಾರೆ ನೋಡಿ ಬದಲಾಗುತ್ತೆ.

ನನ್ನ ಫ್ರೆಂಡಿಗೆ ಇದನ್ನೆಲ್ಲ ಓದಿ ಹೇಳಿದೆ. ಅವನು ಪೂರ್ತಿ ಒಪ್ಪಲಿಲ್ಲ. "ನಮಗೆ ಕೋವಿ ಅಂದ್ರೆ ಆಯುಧ ಅಲ್ಲ, ಮನೆಯ ದೇವರ ಪಕ್ಕ ಇರೋದು. ಹೊರಗೆ ಬಿಟ್ಟು ಬಾ ಅಂದ್ರೆ ಹೇಗಾಗುತ್ತೆ ಗೊತ್ತಾ" ಅಂದ. ನನಗೆ ಗೊತ್ತಿಲ್ಲ, ನಿಜ. ಆದ್ರೆ ಅವನ ಅಪ್ಪನಿಗೆ ಗೊತ್ತಿತ್ತು ಅನ್ಸುತ್ತೆ. ಸರ್ಟಿಫಿಕೇಟ್ ಜೇಬಲ್ಲಿತ್ತು, ಹೈಕೋರ್ಟ್ ಅವರ ಕಡೆ ಇತ್ತು, ವಾದ ಮಾಡಿದ್ರೆ ತಾತ ಖಂಡಿತ ಸೋಲ್ತಿದ್ರು. ಮಾಡಲಿಲ್ಲ. ಯಾವ ಸೆಕ್ಷನ್ನೂ ಅವರನ್ನ ತಿರುಗಿಸಲಿಲ್ಲ, ಅವರೇ ತಿರುಗಿದ್ರು.

ಎಲ್ಲರೂ ಅವರ ತರ ಇರಲ್ಲ. ಅದಕ್ಕೇ ಕಾನೂನು ಬೇಕು ಅಂತಿರೋದು.

ಹೋದ ವಾರ ಅದೇ ಅಂಗಡಿ ಮುಂದೆ ಹೋಗ್ತಿದ್ದೆ. ತಾತ ಅಲ್ಲೇ ಇದ್ರು. ಯಾರದ್ದೋ ಬೀಗದಕೈಗೆ ಚೌಕಟ್ಟು ಕೂಗ್ತು, "ಹೋಗಿ ಹೋಗಿ" ಅಂದ್ರು.